ವೇಟಿಂಗ್ ಲಿಸ್ಟಿನಲ್ಲಿ ಮೂರು ಕೋಳಿಗಳು

ಮಂಗಳವಾರ ಬೆಳಿಗ್ಗೆ ಸಣ್ಣೇಗೌಡರು ಹಿತ್ತಲಿನ ನುಗ್ಗೆಮರದ ಕೆಳಗೆ, ಎರಡು ಕಂಬಳಿ ಹೊದಿಸಿದ್ದ ಭಾರೀ ಆಕಾರವೊಂದರ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ನೋಡಲು ಬಂದವರು ಇಬ್ಬರೇ. ಒಬ್ಬರು ಹೆಂಡತಿ ಚೆನ್ನಾಜಮ್ಮ, ಕೈಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಮೊರ. ಇನ್ನೊಬ್ಬರು ಪಕ್ಕದ ಮನೆಯ ಆರೋಗ್ಯಸ್ವಾಮಿ, ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು, ಬಗಲಲ್ಲಿ ಎಂದಿನ ನೀರಿನ ಬಾಟಲಿ.

"ಮಾನ್ಯರೇ, ಮಹಿಳೆಯರೇ..."

"ಮಹಿಳೆ ಅಂತ ಇರೋಳು ನಾನೊಬ್ಳೇ. ಬೇಗ ತೆಗೀರಿ, ಒಲೆ ಮೇಲೆ ಬೇಳೆ ಐತೆ!"

ಕಂಬಳಿ ಜಾರಿತು. ಚೆನ್ನಾಜಮ್ಮನ ಕೈಯ ಮೊರವೂ ಜಾರಿತು. ಅಲ್ಲಿ ನಿಂತಿದ್ದದ್ದು ರೈಲ್ವೆ ಗೇಟಿನ ಪಕ್ಕ ಗೇಟ್‌ಮನ್ ಕೂರುವ ಗುಮಟಿ! ಯಾವುದೋ ಹರಾಜಿನಲ್ಲಿ ಸಿಕ್ಕಿದ್ದನ್ನು ಲಾರಿಯಲ್ಲಿ ಹೇರಿಕೊಂಡು ಬಂದು, ಬಾಗಿಲನ್ನು ಮೊಳಕಾಲೆತ್ತರಕ್ಕೆ ಕೊರೆದಿದ್ದರು. ಮೈತುಂಬ ಎಂಟು ಗಾಜಿನ ಕಣ್ಣು, ನೆತ್ತಿಯ ಮೇಲೆ ಒಂದು ಧ್ವನಿವರ್ಧಕ. ಎರಡು ಪಕ್ಕದಲ್ಲೂ ಕೆಂಪು ಬಣ್ಣದ ಉದ್ದನೆಯ ಸಿಗ್ನಲ್ ಕೈಗಳು. ಅವುಗಳಿಗೆ ಸುತ್ತಿದ್ದ ಹಾಸಿಗೆ ತನ್ನ ತವರಿನದು ಎಂದು ಚೆನ್ನಾಜಮ್ಮ ನೋಡಿದೊಡನೆ ಗುರುತು ಹಿಡಿದರು.

"ನಾನು ಕೇಳಿದ್ದು ಕೋಳಿಗೂಡು ಕಣ್ರೀ!"

"ಇದೇ ಗೂಡು! ಕುಕ್ಕುಟ ಕ್ಯಾಬಿನ್!"

"ಒಂದು ಮರದ ಪೆಟ್ಟಿಗೆ, ಒಂದು ಚಿಲಕ. ಅಷ್ಟೇ ಅಲ್ವಾ ನಾನು ಕೇಳಿದ್ದು?"

"ಚಿಲಕ ಹಾಕೋದು ಯಾರು? ಮರೆತ್ರೆ ಮುಂಗುಸಿ ನುಗ್ಗಲ್ವಾ?" ಎಂದು ಗೌಡರು ಎದೆ ಉಬ್ಬಿಸಿದರು. "ಇದು ಮರೆಯಲ್ಲ. ಸಂಜೆ ಆರೂ ಇಪ್ಪತ್ತಕ್ಕೆ ಕೋಳಿಗಳನ್ನ ಹೆಸರು ಹಿಡಿದು ಕರೀತದೆ, ಒಳಗೆ ಕಳಿಸ್ತದೆ, ಬಾಗಿಲು ಹಾಕ್ತದೆ. ಬೆಳಿಗ್ಗೆ ಆರಕ್ಕೆ ತೆಗೀತದೆ. ಯಾವ ಕೋಳಿ ಮೊಟ್ಟೆ ಇಟ್ತು ಅಂತಾನೂ ಹೇಳ್ತದೆ!"

ಗೌಡರು ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಸಿಗ್ನಲ್ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತಿಯಾದರೂ ಸಿಗ್ನಲ್ ಅವರನ್ನು ಬಿಟ್ಟಿರಲಿಲ್ಲ. ಹೋದ ವರ್ಷ ಅಡುಗೆಮನೆಗೂ ಬಚ್ಚಲುಮನೆಗೂ ಇಂಟರ್‌ಲಾಕ್ ಮಾಡಿದ್ದರು. ಒಂದರ ಬಾಗಿಲು ತೆರೆದಿದ್ದರೆ ಇನ್ನೊಂದರದು ತೆರೆಯುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಸುರಕ್ಷತೆ ಎನ್ನುತ್ತಿದ್ದರು. ಹಾಲು ಉಕ್ಕಿದ ದಿನ ಚೆನ್ನಾಜಮ್ಮ ಬಚ್ಚಲಲ್ಲೇ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡು, ಗಂಡನ ಇಡೀ ಇಲಾಖೆಯನ್ನು ಬಾಯಿಗೆ ಬಂದ ಹಾಗೆ ಬೈದಿದ್ದರು.

ಆದರೆ ಈ ಸಲ ಬೈದು ಸುಮ್ಮನಾಗುವ ಹಾಗಿರಲಿಲ್ಲ. ಶುಕ್ರವಾರ ಕೋಳಿ ಬರುವುದಿತ್ತು!

ಬರುವುದು ಅಂಥಿಂಥ ಕೋಳಿಯಲ್ಲ. ಚೆನ್ನಾಜಮ್ಮನ ಅವ್ವ ಸಾಕಿದ್ದ ಹೇಟೆಗಳ ಮರಿಯ ಮರಿಯ ಮರಿಗಳು. ಅವ್ವ ಹೋದಮೇಲೆ ಅಕ್ಕ ದೇವೀರಮ್ಮ ಆ ಸಂತತಿಯನ್ನು ಊರಲ್ಲಿ ಉಳಿಸಿಕೊಂಡು ಬಂದಿದ್ದಳು. ಚೆನ್ನಾಜಮ್ಮನಿಗೋ, ಮದುವೆಯಾದಂದಿನಿಂದ ಒಂದು ಕ್ವಾರ್ಟರ್ಸಿನಿಂದ ಇನ್ನೊಂದಕ್ಕೆ ವರ್ಗ. ಕೋಳಿ ಇರಲಿ, ಒಂದು ಕರಿಬೇವಿನ ಗಿಡ ಆಳೆತ್ತರ ಬೆಳೆಯುವಷ್ಟು ದಿನ ಒಂದೂರಲ್ಲಿ ನಿಂತವರಲ್ಲ. ಈಗ ಸ್ವಂತ ಮನೆ, ಸ್ವಂತ ಹಿತ್ತಲು. ಅಕ್ಕನಿಗೂ ಮಂಡಿನೋವು, ಇನ್ನು ಕೋಳಿ ಹಿಂದೆ ಓಡಲಾರಳು. ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಶುಕ್ರವಾರ ಮೂರು ಹೇಟೆ ತತ್ತೀನಿ. ಮೊಬ್ಬಾಗೋ ಹೊತ್ಗೆ ಮೂರೂ ತಾವಾಗೇ ಗೂಡು ಸೇರ್ದ್ರೆ ನಿನಗೆ. ಒಂದು ಹೊರಗುಳುದ್ರೂ ಏಳು ಗಂಟೆ ಪ್ಯಾಸೆಂಜರಿಗೆ ವಾಪಸ್ ಹೊತ್ಕಂಡೋಗ್ತೀನಿ. ಶನಿವಾರ ಸಂತೆ ಐತೆ." ಅವ್ವನ ಕೋಳಿ ಸಂತೆ ಪಾಲಾದರೆ ತಾನು ಆಮೇಲೆ ಹೇಗೆ ಊಟ ಮಾಡುವುದು ಎಂದು ಚೆನ್ನಾಜಮ್ಮನಿಗೆ ವಾರದಿಂದ ಸಂಕಟ.

"ಇದ್ಕೆ ಕೋಳಿ ಯಾವ್ದು ಅಂತ ಹೆಂಗ್ರೀ ಗೊತ್ತಾಯ್ತದೆ?" ಎಂದು ಅವರು ಗುಮಟಿಯ ಕಣ್ಣೊಂದರೊಳಗೆ ಇಣುಕಿದರು. ಬೈಗುಳ ಮುಗಿದ ಮೇಲೆ ಕುತೂಹಲ ಶುರುವಾಗುವುದು ಅವರ ಸ್ವಭಾವ.

"ಅದೇ ಮಜಾ! ನಾನು ಹೇಳಿಕೊಟ್ಟಿಲ್ಲ. ಕೋಳಿ ಬಗ್ಗೆ ಎಷ್ಟು ಪುಸ್ತಕ, ಎಷ್ಟು ವಿಡಿಯೋ ಅವೆಯೋ ಎಲ್ಲಾ ಇದರ ಮೆದುಳಿಗೆ ತುಂಬಿದೀನಿ. ಕೋಳೀಲಿ ಕೋಳಿತನ ಯಾವ್ದು ಅಂತ ತಾನೇ ಕಂಡ್ಕೊಂಡದೆ!"

"ಯಾವ್ದಂತೆ?"

"ಅದನ್ನ ನನಗೂ ಹೇಳಲ್ಲ."

ಚೆನ್ನಾಜಮ್ಮ ನಿಟ್ಟುಸಿರು ಬಿಟ್ಟು, ತೊಟ್ಟಿಯ ಪಕ್ಕದ ಮಡಕೆಯಿಂದ ಒಂದು ಚೊಂಬು ನೀರು ಬಗ್ಗಿಸಿ, ತಲೆಯೆತ್ತಿ ಗಟಗಟನೆ ಕುಡಿದರು. ಗಂಡನಿಗೂ ಒಂದು ಚೊಂಬು ಕೊಟ್ಟರು. ಟಿಣ್ ಟಿಣ್ ಎಂದಿತು ಗುಮಟಿ. ಆಮೇಲೆ ಸ್ಟೇಷನ್ನಿನಲ್ಲಿ ಕೇಳುವಂಥದೇ ನಯವಾದ ಹೆಣ್ಣುದನಿ:

"ದಯವಿಟ್ಟು ಗಮನಿಸಿ. ಕೋಳಿ ಸಂಖ್ಯೆ ಒಂದು ಹಾಗೂ ಕೋಳಿ ಸಂಖ್ಯೆ ಎರಡು ನೋಂದಣಿಯಾಗಿವೆ. ಸ್ವಾಗತ!"

"ಕೋಳಿ ಎಲ್ಲಿ?" ಎಂದು ಆರೋಗ್ಯಸ್ವಾಮಿ ನುಗ್ಗೆಮರದ ಮೇಲೆಲ್ಲ ಹುಡುಕಿದರು.

ಸಂಜೆ ಟ್ರಯಲ್. ಟ್ರಯಲ್ ಆಗದೆ ಯಾವ ಲೈನೂ ಓಪನ್ ಆಗಕೂಡದು ಎಂಬುದು ಗೌಡರ ಇಲಾಖೆಯ ನಿಯಮ. ಕೋಳಿ ಇನ್ನೂ ಬಂದಿಲ್ಲವಲ್ಲ ಎಂದರೆ, ಹೊಸ ಹಳಿಯ ಮೇಲೆ ಮೊದಲ ದಿನವೇ ಪ್ರಯಾಣಿಕರನ್ನು ಬಿಡುತ್ತಾರೆಯೇ, ಮರಳಿನ ಮೂಟೆ ಹೇರಿ ಓಡಿಸುತ್ತಾರೆ ಎಂದರು. "ಮೂಟೆ ಅಂದ್ರೆ ನಾನಾ?" ಎಂದು ಚೆನ್ನಾಜಮ್ಮ ಕಣ್ಣು ಕೆಂಪಗೆ ಮಾಡಿದರು. ಕಡೆಗೆ ಮೂವರೂ ಕೋಳಿಗಳಾಗುವುದೆಂದು ತೀರ್ಮಾನವಾಯಿತು.

ಸರಿಯಾಗಿ ಆರೂ ಇಪ್ಪತ್ತಕ್ಕೆ ಸಿಗ್ನಲ್ ಹಸಿರಾಯಿತು. "ಕೋಳಿ ಸಂಖ್ಯೆ ಒಂದು, ಹಿತ್ತಲಿನಿಂದ ಗೂಡಿಗೆ ಹೊರಡಲು ಸಿದ್ಧವಾಗಿದೆ!" ಚೆನ್ನಾಜಮ್ಮ ಸೆರಗು ಸಿಕ್ಕಿಸಿ, ಬಗ್ಗಿ, ಬೈದುಕೊಂಡೇ ಒಳಹೊಕ್ಕರು. ಎರಡನೆಯ ಕೋಳಿಯಾಗಿ ಗೌಡರೂ ಹೊಕ್ಕರು. ಮೂರನೆಯವರಾಗಿ ಆರೋಗ್ಯಸ್ವಾಮಿ ಮೊಳಕಾಲೂರಿ ಬಾಗಿಲಿಗೆ ಬಂದರೆ, ಧಡ್ ಎಂದು ಕೆಂಪು ಕೈ ಅಡ್ಡ ಬಿತ್ತು!

"ಪ್ರವೇಶವಿಲ್ಲ."

ಆರೋಗ್ಯಸ್ವಾಮಿ ಹಿಂದೆ ಸರಿದು ಮತ್ತೆ ಬಂದರು. ಎರಡೂ ಮೊಣಕೈಗಳನ್ನು ರೆಕ್ಕೆಯ ಹಾಗೆ ಬಡಿದರು. ಕೊನೆಗೆ ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುವ ಹಾಗೆ ಒಮ್ಮೆ ಕೂಗಿಯೂ ನೋಡಿದರು. ಕೈ ಮೇಲೇಳಲಿಲ್ಲ.

"ಮೂವತ್ತು ವರ್ಷ ಗಾರ್ಡ್ ಆಗಿದ್ದವನು ನಾನು ಗೌಡ್ರೇ! ಒಂದು ಕೋಳಿ ಆಗೋಕೂ ಲಾಯಕ್ಕಿಲ್ವಾ?" ಎಂದು ಅವರು ನಿಜವಾಗಿಯೂ ನೊಂದುಕೊಂಡರು. ಬಾಟಲಿ ಬಾಯಿಗಿಟ್ಟು ಎರಡು ಗುಟುಕು ನೀರು ಕುಡಿದು ಮನೆಗೆ ಹೋದರು.

ಟ್ರಯಲ್ ಆದ್ದರಿಂದ ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಹೊರಗೆ ಬಂದ ಚೆನ್ನಾಜಮ್ಮ, ಸೊಂಟ ಹಿಡಿದುಕೊಂಡೇ ಅದರ ಎಂಟು ಕಣ್ಣುಗಳನ್ನೂ ಒಂದೊಂದಾಗಿ ದಿಟ್ಟಿಸಿದರು. ತನ್ನಲ್ಲಿ ಇದು ಕಂಡ ಕೋಳಿತನ ಯಾವುದು? ಆರೋಗ್ಯಸ್ವಾಮಿಯಲ್ಲಿ ಇಲ್ಲದ್ದು ಯಾವುದು?

ಬುಧವಾರ ಬೆಳಿಗ್ಗೆಯಿಂದ ಅದೇ ಅವರ ಕೆಲಸವಾಯಿತು. ಸೀರೆ ಬದಲಾಯಿಸಿ ಹೋಗಿ ಅದರ ಮುಂದೆ ನಿಂತರು. ಕೋಳಿ ಸಂಖ್ಯೆ ಒಂದು. ಕಳೆ ಕೀಳುವುದನ್ನು ನಿಲ್ಲಿಸಿದರು, ಯಾಕೆಂದರೆ ಕೋಳಿ ನೆಲ ಕೆದರುತ್ತದೆ. ಆಗಲೂ ಸಂಖ್ಯೆ ಒಂದೇ. ಎರಡು ಗಂಟೆ ಹೊತ್ತು ಮಾತೇ ಆಡಲಿಲ್ಲ. ಇದರಿಂದ ಗೌಡರಿಗೆ ಬಹಳ ಸಂತೋಷವಾಯಿತೇ ಹೊರತು ಯಂತ್ರದ ಅಭಿಪ್ರಾಯ ಬದಲಾಗಲಿಲ್ಲ.

ಮಧ್ಯಾಹ್ನ ಗ್ಯಾಸ್ ಸಿಲಿಂಡರ್ ತಂದವನು ಹಿತ್ತಲಿಗೆ ಬಂದು, ಬೆವರು ಒರೆಸಿಕೊಂಡು, ಚೊಂಬು ಎತ್ತಿ ನೀರು ಕುಡಿದು ಹೋದ. ಟಿಣ್ ಟಿಣ್! "ಕೋಳಿ ಸಂಖ್ಯೆ ಮೂರು, ಸ್ವಾಗತ!" ಸಂಜೆ ಆರೂ ಇಪ್ಪತ್ತಕ್ಕೆ ಧ್ವನಿವರ್ಧಕ ಇಡೀ ಬಡಾವಣೆಗೆ ಸಾರತೊಡಗಿತು: "ಖಾಕಿ ಅಂಗಿಯ ಕೋಳಿ ಸಂಖ್ಯೆ ಮೂರು ಎಲ್ಲಿದ್ದರೂ ಕೂಡಲೇ ಸಣ್ಣೇಗೌಡರ ಗೂಡಿಗೆ ಬರತಕ್ಕದ್ದು!" ಎರಡು ಬೀದಿಯಾಚೆ ಸಿಲಿಂಡರ್ ಇಳಿಸುತ್ತಿದ್ದ ಆತ ಕಾಲಿನ ಮೇಲೆ ಹಾಕಿಕೊಳ್ಳುವುದೊಂದು ಬಾಕಿ. ಒಗೆದ ಬಟ್ಟೆ ತೆಗೆಯಲು ಬಂದಿದ್ದ ಚೆನ್ನಾಜಮ್ಮನನ್ನು ಎರಡು ಕೈಗಳೂ ಮೆತ್ತಗೆ ತಬ್ಬಿ, ದಬ್ಬಿ, ಬಟ್ಟೆಯ ಸಮೇತ ಒಳಗೆ ಹಾಕಿಕೊಂಡವು.

"ರೀ! ಇದರ ಪ್ಲಗ್ ಕೀಳ್ರೀ!"

"ಕಿತ್ರೆ ಬಾಗಿಲು ತೆಗೆಯಲ್ಲ ಕಣೇ! ಕರೆಂಟ್ ಹೋದ್ರೆ ಎಲ್ಲಾ ಕೆಂಪಾಗಿ ನಿಂತುಬಿಡ್ಬೇಕು. ಅದು ಸಿಗ್ನಲ್ ಧರ್ಮ!"

"ನಿಮ್ಮ ಧರ್ಮಕ್ಕಿಷ್ಟು ಬೆಂಕಿ ಹಾಕ!"

ಗುರುವಾರ ಇಬ್ಬರಿಗೂ ಜಗಳವೋ ಜಗಳ. ಯಂತ್ರದ ಮೆದುಳು ಅಳಿಸಿ ಮತ್ತೆ ಕಲಿಸಿ ಎಂದು ಚೆನ್ನಾಜಮ್ಮ. ಕಲಿಯಲು ಮೂರು ದಿನ ಬೇಕು, ಅಕ್ಕ ಬರುವುದು ನಾಳೆ ಎಂದು ಗೌಡರು. "ನಾಳೆ ಕೋಳಿ ಬರ್ಲಿ, ನಿಜವಾದ ಕೋಳಿ ಕಂಡಮೇಲೆ ಎಲ್ಲಾ ಸರಿಹೋಗ್ತದೆ" ಎನ್ನುತ್ತ ಅವರು ಟ್ರಯಲ್ ಮುಗಿಸಿ ಲೈನ್ ಓಪನ್ ಎಂದು ಬರೆದು ಗುಮಟಿಗೆ ಮಲ್ಲಿಗೆ ಹಾರ ಹಾಕಿದರು. ಇನ್ನು ಹಾಕಿದ ಬಾಗಿಲು ಹತ್ತು ನಿಮಿಷಕ್ಕಲ್ಲ, ಬೆಳಿಗ್ಗೆ ಆರಕ್ಕೇ ತೆರೆಯುವುದು. ಚೆನ್ನಾಜಮ್ಮ ಮಾತ್ರ ಅವ್ವನ ಮನೆಯಲ್ಲಿ ಕಂಡದ್ದನ್ನು ನೆನಪು ಮಾಡಿಕೊಂಡು ಹೊರಳಾಡಲು ಬೂದಿ ಗುಂಡಿ, ಕುಡಿಯಲು ಮಣ್ಣಿನ ತಟ್ಟೆ, ತಿನ್ನಲು ನುಚ್ಚು, ಒಳಗೆ ಹುಲ್ಲಿನ ಹಾಸು ಎಲ್ಲ ಅಣಿಮಾಡಿ, ಆರೂ ಇಪ್ಪತ್ತರ ಕರೆಗೆ ಮುಂಚೆಯೇ ಗಂಡನನ್ನೂ ಎಳೆದುಕೊಂಡು ಮನೆ ಸೇರಿ ಹಿತ್ತಲ ಬಾಗಿಲು ಹಾಕಿಕೊಂಡರು. ಕೈ ಕೆಲಸ ಮಾಡುತ್ತಿದ್ದರೂ ತಲೆಯಲ್ಲಿ ಅದೇ ಪ್ರಶ್ನೆ. ಸ್ವಾಮಣ್ಣನಲ್ಲಿ ಇಲ್ಲದ್ದು ಯಾವುದು?

ಶುಕ್ರವಾರ ನಾಲ್ಕು ಗಂಟೆಗೆ ದೇವೀರಮ್ಮ ಬಂದಳು. ಸ್ಟೇಷನ್ನಿನಿಂದ ಬಿಸಿಲಲ್ಲಿ ನಡೆದೇ ಬಂದಿದ್ದಳು, ತಲೆಯ ಮೇಲೆ ಬಲೆ ಕಟ್ಟಿದ ಮಂಕರಿ. ಮಂಕರಿ ಇಳಿಸಿ ಗುಮಟಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ ಗೌಡ್ರೇ, ಕೋಳಿಗೆ ಟಿಕೀಟು ತಗೀಬೇಕಾ?"

"ಬನ್ನಿ ದೇವೀರಕ್ಕ, ಬನ್ನಿ! ಸುಸ್ತಾಗಿದೀರಿ, ಮೊದ್ಲು ನೀರು ಕುಡೀರಿ."

ದೇವೀರಮ್ಮ ಚೊಂಬು ತೆಗೆದುಕೊಂಡಳು. ಚೆನ್ನಾಜಮ್ಮ ಮಂಕರಿಯ ಬಲೆ ಬಿಚ್ಚಿದರು. ಕರಿಯದೊಂದು, ಬೂದು ಬಣ್ಣದ್ದೊಂದು, ಮೈತುಂಬ ಬಿಳಿ ಚುಕ್ಕಿಯದೊಂದು. ಆ ಚುಕ್ಕಿ ಹೇಟೆಯನ್ನು ಕಂಡು ಚೆನ್ನಾಜಮ್ಮನ ಕಣ್ಣು ತುಂಬಿ ಬಂತು, ಅವ್ವನ ಬಚ್ಚಲ ಒಲೆಯ ಪಕ್ಕ ಕಾವು ಕೂರುತ್ತಿದ್ದ ಚುಕ್ಕಿಯೇ ಎದ್ದು ಬಂದ ಹಾಗಿತ್ತು. ಮೂರೂ ಮಣ್ಣಿನ ತಟ್ಟೆಗೆ ಧಾವಿಸಿದವು. ಕೊಕ್ಕು ಅದ್ದಿದವು, ಕತ್ತು ಮೇಲೆತ್ತಿದವು. ಅದೇ ಹೊತ್ತಿಗೆ ಅವುಗಳ ಪಕ್ಕದಲ್ಲೇ ನಿಂತು ದೇವೀರಮ್ಮನೂ ಚೊಂಬು ಎತ್ತಿ, ಕತ್ತು ಮೇಲೆತ್ತಿ, ಗುಟುಗುಟು ನೀರು ಹೊಯ್ದುಕೊಳ್ಳುತ್ತಿದ್ದಳು. ನಾಲ್ಕೂ ಗಂಟಲು ಆಕಾಶದ ಕಡೆಗೆ!

ಟಿಣ್ ಟಿಣ್! "ಕೋಳಿ ಸಂಖ್ಯೆ ನಾಲ್ಕು, ಸ್ವಾಗತ! ಗೂಡು ಭರ್ತಿಯಾಗಿದೆ. ಕೋಳಿ ಸಂಖ್ಯೆ ಐದು, ವೇಟಿಂಗ್ ಲಿಸ್ಟ್ ಒಂದು. ಕೋಳಿ ಸಂಖ್ಯೆ ಆರು, ವೇಟಿಂಗ್ ಲಿಸ್ಟ್ ಎರಡು. ಕೋಳಿ ಸಂಖ್ಯೆ ಏಳು, ವೇಟಿಂಗ್ ಲಿಸ್ಟ್ ಮೂರು."

ಗೌಡರ ಮುಖ ಬಾಡಿತು. ಮೂರು ಹೇಟೆ, ಮುಂದೊಂದು ದಿನ ಒಂದು ಹುಂಜ ಎಂದು ಲೆಕ್ಕ ಹಾಕಿ ನಾಲ್ಕೇ ಜಾಗ ಮಾಡಿದ್ದರು. ಚೆನ್ನಾಜಮ್ಮನೋ ಅತ್ತ ಗೋಡೆಯ ಮೇಲೆ ಬಾಗಿ ನೋಡುತ್ತಿದ್ದ ಆರೋಗ್ಯಸ್ವಾಮಿಯನ್ನೇ ಎವೆಯಿಕ್ಕದೆ ನೋಡಿದರು. ಅವರು ಬಾಟಲಿಗೆ ತುಟಿ ಹಚ್ಚಿ ಕುಡಿಯುತ್ತಿದ್ದರು.

"ಸ್ವಾಮಣ್ಣಾ! ನೀವ್ಯಾಕೆ ಎತ್ತಿ ಕುಡಿಯಲ್ಲ?"

"ಗಾರ್ಡ್ ಡಬ್ಬೀಲಿ ಎತ್ತಿ ಕುಡಿಯೋಕಾಗ್ತದಾ ಅಕ್ಕೋರೇ? ಗಾಡಿ ಕುಲುಕಾಟಕ್ಕೆ ನೀರೆಲ್ಲಾ ಯೂನಿಫಾರ್ಮ್ ಮೇಲೆ. ಕಚ್ಚಿ ಕುಡಿದೂ ಕುಡಿದೂ ಅದೇ ಅಭ್ಯಾಸ."

"ಸಿಕ್ತು ಕಣ್ರೀ, ಸಿಕ್ತು!" ಎಂದು ಚೆನ್ನಾಜಮ್ಮ ಚಪ್ಪಾಳೆ ತಟ್ಟಿದರು. "ಎರಡು ಕಾಲು ಇರ್ಬೇಕು, ಹಾರಬಾರದು, ನೀರು ಕುಡಿಯೋವಾಗ ಮೋರೆ ಮೇಲೆತ್ತಬೇಕು. ನಾಯಿ, ದನ, ಬೆಕ್ಕು ಎಲ್ಲಾ ಬಗ್ಗೇ ಕುಡಿಯೋದು. ನಿಮ್ಮ ಮೆದುಳಿಗೆ ಅದೇ ಕೋಳಿತನ!"

ಗೌಡರು ಒಮ್ಮೆ ಗುಮಟಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿದರು. ನಾಲ್ಕು ದಿನವಾದರೂ ತಾವು ಮಾಡಿದ ಯಂತ್ರದ ಮನಸ್ಸು ತಮಗೆ ತಿಳಿಯಲಿಲ್ಲ, ಹೆಂಡತಿಗೆ ತಿಳಿಯಿತಲ್ಲ! ಆದರೆ ತಿಳಿದರೆ ಸಾಲದು, ಹೆಸರು ತೆಗೆಸಬೇಕು. ಅದಕ್ಕೆ ದಾರಿ ಹುಡುಕುತ್ತ ಗೌಡರು ತಂತಿಗಳನ್ನು ತಡಕಾಡುವಷ್ಟರಲ್ಲಿ ಗಂಟೆ ಆರಾಯಿತು. ಚೆನ್ನಾಜಮ್ಮ ಒಂದು ಚೊಂಬು ನೀರು ಬಗ್ಗಿಸಿದರು. ಅಕ್ಕನ ಕಡೆ ನೋಡದೆ, ಕಣ್ಣು ಮುಚ್ಚಿ, ಚೊಂಬಿನ ಅಂಚಿಗೆ ತುಟಿ ಹಚ್ಚಿ ಕುಡಿದರು.

"ದಯವಿಟ್ಟು ಗಮನಿಸಿ. ಕೋಳಿ ಸಂಖ್ಯೆ ಒಂದು ರದ್ದಾಗಿದೆ. ಉಂಟಾದ ಅಡಚಣೆಗೆ ವಿಷಾದಿಸುತ್ತೇವೆ."

"ಥೂ! ಚೆನ್ನೀ!" ದೇವೀರಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಮನೆ ಮಂದಿ ಎಲ್ಲಾ ಕುಡಿಯೋ ಚೊಂಬು ಎಂಜಲು ಮಾಡ್ದಾ? ಅವ್ವ ಕಂಡಿದ್ರೆ ಚೊಂಬಿನ ಸಮೇತ ನಿನ್ನೂ ಬೀದಿಗೆ ಎಸೀತಿದ್ಲು!"

"ಅವ್ವನ ಕೋಳಿಗೋಸ್ಕರಾನೇ ಮಾಡ್ತಿರೋದು ಕಣಕ್ಕಾ!"

ಗೌಡರೂ ಒಂದು ಲೋಟಕ್ಕೆ ತುಟಿ ಹಚ್ಚಿದರು. ಸಂಖ್ಯೆ ಎರಡು ರದ್ದು. ಕರಿಯದು, ಬೂದು ಎರಡಕ್ಕೂ ಜಾಗ ಖಾಯಂ. ಉಳಿದದ್ದು ಚುಕ್ಕಿ.

"ಆ ಗ್ಯಾಸಿನವನ ಜಾಗ ಕೊಡಬಹುದಲ್ರೀ? ಅವನೆಲ್ಲಿ ಬರ್ತಾನೆ!"

ಕೇಳಿಸಿಕೊಂಡ ಹಾಗೆ ಯಂತ್ರವೇ ಹೇಳಿತು: "ಕೋಳಿ ಸಂಖ್ಯೆ ಮೂರು, ಅನಿರ್ದಿಷ್ಟ ಕಾಲ ತಡವಾಗಿ ಬರುತ್ತಿದೆ."

ಆರೂ ಇಪ್ಪತ್ತಾಯಿತು. ಹಿತ್ತಲಿನಲ್ಲಿ ಬೆಳಕು ಕುಗ್ಗುತ್ತಿದ್ದ ಹಾಗೆ ಕರಿಯದು ಯಾರೂ ಅಟ್ಟದೆ ಗುಮಟಿಯ ಹತ್ತಿರ ನಡೆಯಿತು. ಹಸಿರು ಬಿತ್ತು, ಒಳಗೆ ಹೋಯಿತು. ಹಿಂದೆಯೇ ಬೂದು. ಚುಕ್ಕಿ ಬಾಗಿಲಿಗೆ ಬಂದದ್ದೇ ತಡ ಧಡ್ ಎಂದು ಕೆಂಪು ಕೈ ಇಳಿಯಿತು. ಚುಕ್ಕಿ ತಲೆ ಓರೆಮಾಡಿ ಕೈಯನ್ನು ನೋಡಿತು, ತಿರುಗಿ ಬಂದು ದೇವೀರಮ್ಮನ ಕಾಲ ಹತ್ತಿರ ನಿಂತಿತು. ಇಡೀ ದಿನ ಅವಳ ಕಾಲು ಸುತ್ತುವುದು ಅದರ ರೂಢಿ.

"ಎರಡೇ ಹೋದವು. ನಾನಂದದ್ದು ಮೂರು" ಎಂದಳು ದೇವೀರಮ್ಮ. "ಅವೆರಡೂ ತಗಿ, ಮಂಕರಿ ತಾ. ಗಾಡಿ ಹೊತ್ತಾಯ್ತು."

ಚೆನ್ನಾಜಮ್ಮನಿಗೆ ಅಳು ತಡೆಯಲಾಗಲಿಲ್ಲ. ಎಳೆಯ ಹುಡುಗಿಯ ಹಾಗೆ ಬಿಕ್ಕಿದರು. "ಅಕ್ಕಾ, ಒಂದೇ ಒಂದು ಗುಟುಕು! ಕಚ್ಚಿ ಕುಡಿದುಬಿಡಕ್ಕಾ! ನೀನು ರದ್ದಾದ್ರೆ ಚುಕ್ಕಿಗೆ ಜಾಗ ಸಿಗ್ತದೆ! ಅವ್ವನ ಕೋಳೀನ ಸಂತೆಗೆ ಹಾಕ್ಬ್ಯಾಡ ಕಣಕ್ಕಾ!"

"ಅರವತ್ತೆಂಟು ವರ್ಸ ಆಯ್ತು ನಂಗೆ. ಒಬ್ಬರ ಮನೆ ಚೊಂಬಿಗೂ ತುಟಿ ಸೋಕ್ಸಿಲ್ಲ. ಈಗ ಈ ಪೆಟ್ಟಿಗೆ ಮಾತಿಗೆ ಸೋಕಿಸ್ಲಾ?"

"ಕೋಳಿ ಸಂಖ್ಯೆ ನಾಲ್ಕು, ಇದು ಕೊನೆಯ ಕರೆ!" ಹಾಸಿಗೆ ಸುತ್ತಿದ ಎರಡು ಕೈಗಳೂ ದೇವೀರಮ್ಮನ ಹಿಂದೆ ಬಂದು ನಿಂತವು. ಅವಳು ಮಂಕರಿಯಿಂದ ಒಂದು ಕೈಗೆ ಬಿಟ್ಟಳು ಏಟು! ಕೈ ಮರ್ಯಾದೆಯಿಂದ ಹಿಂದೆ ಸರಿದು, ಮರ್ಯಾದೆಯಿಂದಲೇ ಮತ್ತೆ ಮುಂದೆ ಬಂತು.

ದೇವೀರಮ್ಮ ಚೊಂಬನ್ನು ನೋಡಿದಳು. ಅಳುತ್ತಿದ್ದ ತಂಗಿಯನ್ನು ನೋಡಿದಳು. ಕಾಲ ಬಳಿಯ ಚುಕ್ಕಿಯನ್ನು ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದಳು.

"ಗೂಡಾದ್ರೂ ಆದೀತು, ಎಂಜಲು ಆಗಲ್ಲ!"

ಮಂಡಿನೋವಿಗೆ ಉಸ್ಸಪ್ಪಾ ಎನ್ನುತ್ತ ಬಗ್ಗಿ ಗುಮಟಿಯೊಳಗೆ ನುಗ್ಗಿದಳು. ಅವಳ ಸೀರೆಯ ನೆರಿಗೆಗೆ ಅಂಟಿಕೊಂಡ ಹಾಗೆ, ಯಾರೂ ಅಟ್ಟದೆ, ಚುಕ್ಕಿಯೂ ನುಗ್ಗಿತು! ಕೆಂಪು ಕೈ ಒಂದು ಕ್ಷಣ ಮೇಲೂ ಇಲ್ಲದೆ ಕೆಳಗೂ ಇಲ್ಲದೆ ನಡುಗಿತು.

"ಕೋಳಿ ಸಂಖ್ಯೆ ನಾಲ್ಕು, ಕೈಸಾಮಾನಿನೊಂದಿಗೆ ಗೂಡು ತಲುಪಿದೆ. ಶುಭ ಪ್ರಯಾಣ!"

ಬಾಗಿಲು ಹಾಕಿಕೊಂಡಿತು. ಆರೋಗ್ಯಸ್ವಾಮಿ ರೂಢಿಬಲದಿಂದ ಹಸಿರು ಟವಲು ಬೀಸಿದರು. ದೂರದಲ್ಲಿ ಏಳು ಗಂಟೆಯ ಪ್ಯಾಸೆಂಜರ್ ಸಿಳ್ಳೆ ಹಾಕಿತು.

"ದೇವೀರಕ್ಕಾ, ಬೆಳಿಗ್ಗೆ ಆರಕ್ಕೆ..." ಎಂದು ಗೌಡರು ತೊದಲಿದರು.

"ಬಾಯ್ಮುಚ್ಕಂಡು ಹೋಗಿ ಒಂದು ಕಂಬಳಿ ತನ್ನಿ ಗೌಡ್ರೇ!" ಎಂದಿತು ಗೂಡು.

ಮೊಟ್ಟೆ ತೆಗೆಯುವ ಕಿಂಡಿಯಿಂದ ಕಂಬಳಿ ಹೋಯಿತು, ಮುದ್ದೆ ಹೋಯಿತು, ಸಾರು ಹೋಯಿತು. ಚೆನ್ನಾಜಮ್ಮ ಕಿಂಡಿಯ ಹೊರಗೇ ಕೂತರು. ಅಕ್ಕತಂಗಿಯರು ಅಷ್ಟು ಹೊತ್ತು ಕೂತು ಮಾತಾಡಿ ಎಷ್ಟು ಕಾಲವಾಗಿತ್ತೋ! ಒಳಗಿಂದ ಒಂದು ನಗು, ಹೊರಗಿಂದ ಒಂದು ನಗು, ನಡುವೆ ಕೋಳಿಗಳ ಕೊರ್‍ ಕೊರ್‍. ಗೌಡರು ಎರಡು ಸಲ ಹತ್ತಿರ ಬಂದು, ಎರಡು ಸಲವೂ ಬೈಸಿಕೊಂಡು ಹೋದರು.

ಬೆಳಿಗ್ಗೆ ಆರಕ್ಕೆ ಟಿಣ್ ಟಿಣ್! ಬಾಗಿಲು ತೆರೆಯಿತು. ಕರಿಯದು ಬಂತು, ಬೂದು ಬಂತು, ಚುಕ್ಕಿ ಬಂತು. ಕೊನೆಗೆ ತಲೆಯಲ್ಲಿ ಹುಲ್ಲು ಸಿಕ್ಕಿಸಿಕೊಂಡ ದೇವೀರಮ್ಮ ಬಂದಳು. ಕೈಯಲ್ಲಿ ಬೆಚ್ಚನೆಯ ಒಂದು ಮೊಟ್ಟೆ.

"ಜಾಗ ಹಿಡಿಸ್ದೆ ಇದ್ರೆ ಕೋಳಿ ವಾರಗಟ್ಲೆ ಮೊಟ್ಟೆ ಇಕ್ಕಲ್ಲ ಕಣೆ" ಎಂದಳು ತಂಗಿಗೆ. "ಚುಕ್ಕಿ ನನ್ ಮಗ್ಗುಲಾಗೇ ಇಕ್ಕೈತೆ. ಒಪ್ಕಂಡೈತೆ. ಇರ್ಲಿ, ಮೂರೂ ಇಲ್ಲೇ ಇರ್ಲಿ."

ಚೆನ್ನಾಜಮ್ಮ ಅಕ್ಕನನ್ನು ತಬ್ಬಿಕೊಂಡೇಬಿಟ್ಟರು. ಗೌಡರು ಮಲ್ಲಿಗೆ ಹಾರ ಸರಿಮಾಡಲು ಹೊರಟರು. ಅಷ್ಟರಲ್ಲಿ ಧ್ವನಿವರ್ಧಕ ಇಡೀ ಬಡಾವಣೆಯನ್ನು ಎಬ್ಬಿಸಿತು:

"ದಯವಿಟ್ಟು ಗಮನಿಸಿ! ಇಂದಿನ ಮೊಟ್ಟೆ ಒಂದು. ಇಟ್ಟಿರುವುದು, ಕೋಳಿ ಸಂಖ್ಯೆ ನಾಲ್ಕು! ಅಭಿನಂದನೆಗಳು!"

ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಗೌಡರು ನೆಲ ನೋಡುತ್ತ ನಿಂತರು. ದೇವೀರಮ್ಮ ಮಾತ್ರ ಗುಮಟಿಯನ್ನು ಒಮ್ಮೆ ನೋಡಿ, ಮೊಟ್ಟೆಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಖಾಲಿ ಮಂಕರಿಯನ್ನು ಕಂಕುಳಿಗೆ ಇಟ್ಟುಕೊಂಡಳು.

"ಕೋಳಿ ನಿಂದು ಕಣೆ ಚೆನ್ನಿ. ಇದನ್ನ ಮಾತ್ರ ನಾನ್ ತಗಂಡೋಗ್ತೀನಿ. ಕಷ್ಟಪಟ್ಟು ಇಕ್ಕಿದೋಳು ನಾನಂತೆ."